ಹೊಡೆದು ಹಾಕಿದ ಸಾಲುಗಳು

ಜನವರಿ 12

ಸಾಹೇಬರಿಗೆ,

ನಾನು ಒಲೆಯಮ್ಮ. ಕಚೇರಿಯ ನೆಲಮಾಳಿಗೆಯಲ್ಲಿ ಕಾಗದ ಸುಡುತ್ತಿದ್ದವಳು. ನೀವು ಎರಡನೇ ಮಹಡಿಯಲ್ಲಿ ಚಿಕ್ಕ ಅಧಿಕಾರಿಯಾಗಿ ಸೇರಿದಾಗ ನಾನಿದ್ದೆ, ಮೂಲೆಯ ಕೋಣೆಯಲ್ಲಿ ಇಡೀ ಗುಪ್ತಚರ ಇಲಾಖೆಗೆ ನಿರ್ದೇಶಕರಾಗಿ ಕೂತಾಗಲೂ ನಾನಿದ್ದೆ. ನೀವು ಮೇಲೆ ಮೇಲೆ ಹೋದಿರಿ, ನಾನು ಇದ್ದಲ್ಲೇ ಇದ್ದೆ. ಒಲೆಯನ್ನು ಯಾರೂ ಮಹಡಿ ಹತ್ತಿಸುವುದಿಲ್ಲವಲ್ಲ. ವಿಳಾಸ ಕೊಟ್ಟವನು ನಿಮ್ಮ ಹಳೆಯ ಡ್ರೈವರ್. ನನ್ನ ಮೊಮ್ಮಗಳು ನರ್ಸ್ ಆಗಿರುವ ಆಸ್ಪತ್ರೆಗೆ ಮೊಣಕಾಲು ತೋರಿಸಲು ಬಂದಿದ್ದ. ಗುಟ್ಟು ಕಾಯುವ ಇಲಾಖೆಯ ಡ್ರೈವರ್, ಒಂದು ಲೋಟ ಚಹಾಕ್ಕೆ ನಿಮ್ಮ ಮನೆ ನಂಬರು, ಗೇಟಿನ ಬಣ್ಣ, ನೀವು ಗಿಡಕ್ಕೆ ನೀರು ಹಾಕುವ ಹೊತ್ತು ಎಲ್ಲವನ್ನೂ ಒಪ್ಪಿಸಿಬಿಟ್ಟ.

ಒಲೆಯಮ್ಮನಿಗೆ ಬರೆಯಲು ಬರುತ್ತದೆಯೇ ಎಂದು ನೀವು ಆಶ್ಚರ್ಯಪಡುವುದಿಲ್ಲ ಎಂದು ನನಗೆ ಗೊತ್ತು. ಬೇರೆ ಯಾರಾದರೂ ಆಗಿದ್ದರೆ ಕುರ್ಚಿಯಿಂದ ಬೀಳುತ್ತಿದ್ದರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಓದು ಬಾರದವಳು ಎಂದು. ಅವತ್ತು ಸಾಲಿನಲ್ಲಿ ನನ್ನ ಮುಂದಿದ್ದವಳು ಓದು ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿ ಮನೆಗೆ ಹೋದಳು. ಅವಳನ್ನು ನೋಡಿ ನಾನು ಬರೋದಿಲ್ಲ ಎಂದೆ. ಗಂಡ ಸತ್ತು ಐದು ತಿಂಗಳಾಗಿತ್ತು, ಕಂಕುಳಲ್ಲಿ ಮಗಳಿದ್ದಳು. ಊರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದನ್ನೆಲ್ಲ ಒಂದೇ ಮಾತಿನಲ್ಲಿ ನುಂಗಿದೆ.

ಆಮೇಲೆ ಮೆಟ್ಟಿಲಿನ ಕಂಬಿಗೆ ಬಣ್ಣ ಬಳಿದ ದಿನ. ‘ಹಸಿ ಬಣ್ಣ, ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿದ್ದರು. ನಾನು ಹಿಡಿಯಲು ಹೋದವಳು ಚೀಟಿ ನೋಡಿ ಕೈ ಹಿಂದಕ್ಕೆ ತೆಗೆದೆ. ತಿರುಗಿದರೆ ಹಿಂದೆ ನೀವು. ಕೆಲಸ ಹೋಯಿತು ಎಂದುಕೊಂಡೆ. ನೀವು ಚೀಟಿ ನೋಡಿದಿರಿ, ನನ್ನ ಕೈ ನೋಡಿದಿರಿ, ಆಮೇಲೆ ಹೇಳಿದಿರಿ: “ಬಣ್ಣದ ವಾಸನೆ ಜೋರಾಗಿದೆ ಅಲ್ವಾ ಒಲೆಯಮ್ಮ? ದೂರದಿಂದಲೇ ಗೊತ್ತಾಗತ್ತೆ.”

ಆ ಒಂದು ಮಾತಿನ ಮೇಲೆ ನನ್ನ ಮನೆ ಮೂವತ್ತು ವರ್ಷ ನಿಂತಿತು. ಮಗಳು ಓದಿದಳು, ಮಗಳ ಮಗಳು ಓದಿದಳು. ಕಚೇರಿಯಲ್ಲಿದ್ದಾಗ ಇದಕ್ಕೆ ಉಪಕಾರ ಹೇಳಿದ್ದರೆ ಓದು ಬರುತ್ತದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಆದ್ದರಿಂದ ಈಗ ಹೇಳುತ್ತಿದ್ದೇನೆ, ಎಪ್ಪತ್ತೆಂಟನೇ ವಯಸ್ಸಿನಲ್ಲಿ. ನಿಮ್ಮ ಉಪಕಾರ ದೊಡ್ಡದು.

ಹಾಳೆ ತಿರುಗಿಸಿ.

ಉಪಕಾರ ಹೇಳಲು ಮಾತ್ರ ಬರೆದಿದ್ದರೆ ಇಷ್ಟು ವರ್ಷ ಕಾದವಳು ಇನ್ನೂ ಕಾಯುತ್ತಿದ್ದೆ. ನಾನೀಗ ಇರುವುದು ಮೊಮ್ಮಗಳ ಮನೆಯಲ್ಲಿ. ಕೆಳಗೆ ಬೀದಿಗೆ ತೆರೆದುಕೊಂಡ ಒಂದು ಹೊಲಿಗೆ ಅಂಗಡಿ ಇದೆ. ಹೊಲಿಯುವವಳಿಗೆ ನಲವತ್ತೇಳು ವರ್ಷ. ಸಿದ್ಧವಾದ ಬಟ್ಟೆಗಳ ದಾರದ ತುದಿ ಕತ್ತರಿಸಿಕೊಡುತ್ತಾ ನಾನು ಅಲ್ಲೇ ಕೂತಿರುತ್ತೇನೆ. ಅವಳು ಯಾರ ಮಗಳು ಎಂದು ಹೋದ ವಾರ ತಿಳಿಯಿತು. ಗಡಿಯಾರ ರಿಪೇರಿಯವರ ಮಗಳು. ವಿದೇಶಿ ರಾಯಭಾರಿಯ ಮನೆಯ ಗಡಿಯಾರಗಳಿಗೆಲ್ಲ ಕೀಲಿ ಕೊಡಲು ಹೋಗುತ್ತಿದ್ದರಲ್ಲ, ದೇಶ ಮಾರಿದ ಎಂದು ಪೇಪರಿನಲ್ಲಿ ಫೋಟೋ ಬಂದು ಜೈಲಿಗೆ ಹೋದರಲ್ಲ, ಎರಡನೇ ವರ್ಷ ಅಲ್ಲೇ ಜ್ವರದಲ್ಲಿ ತೀರಿಕೊಂಡರಲ್ಲ, ಅವರು.

ಅವಳು ಅಪ್ಪನ ಹೆಸರನ್ನು ತನ್ನ ಹೆಸರಿನಿಂದ ತೆಗೆಸಲು ಅರ್ಜಿ ಹಾಕಿದ್ದಾಳೆ. ಹೊಲಿಗೆ ಕಲಿಸುವ ಸರಕಾರಿ ಕೆಲಸಕ್ಕೆ ಮೂರು ಸಲ ಹೋದಳಂತೆ, ಮೂರು ಸಲವೂ ತಂದೆಯ ಹೆಸರು ಓದಿದ ಗುಮಾಸ್ತ ತಲೆ ಎತ್ತಿ ನೋಡಿದನಂತೆ. ಏಪ್ರಿಲ್ 18ಕ್ಕೆ ಕರೆದಿದ್ದಾರೆ. ಅವತ್ತು ಸಹಿ ಮಾಡಿದರೆ ಮುಗಿಯಿತು.

ನೀವು ಏನಾದರೂ ಮಾಡಬೇಕು.

ಇತಿ,
ನಿಮ್ಮ ಉಪ್ಪುಂಡ ಒಲೆಯಮ್ಮ

ಜನವರಿ 24

ಒಲೆಯಮ್ಮನವರಿಗೆ,

ನಿಮ್ಮ ಪತ್ರ ಬಂದ ದಿನ ಗಿಡಗಳಿಗೆ ಎರಡು ಸಲ ನೀರು ಹಾಕಿದೆ. ಒಮ್ಮೆ ಹಾಕಿದ್ದು ಮರೆತುಹೋಗುವಷ್ಟು ಸಂತೋಷವಾಗಿತ್ತು.

ಬಣ್ಣದ ಘಟನೆ ನೆನಪಿದೆ. ಅವತ್ತು ವಾಸನೆ ನಿಜವಾಗಿಯೂ ಜೋರಾಗಿತ್ತು. ಅದಕ್ಕಿಂತ ಹೆಚ್ಚು ಏನೂ ನನಗೆ ಗೊತ್ತಿಲ್ಲ, ಗೊತ್ತಿರಲೂ ಇಲ್ಲ.

ನನ್ನ ವಿಷಯ ಹೇಳುವುದಾದರೆ, ಆರೋಗ್ಯ ಪರವಾಗಿಲ್ಲ. ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು. ಬಲಗೈ ನಡುಗುತ್ತದೆ, ಅಕ್ಷರ ನೋಡಿದರೆ ತಿಳಿಯುತ್ತದೆ. ಕುಗ್ಗುತ್ತಲೂ ಇದ್ದೇನೆ. ಮೇಲಿನ ಕಪಾಟಿನಲ್ಲಿ ನಾನೇ ಇಟ್ಟ ಪುಸ್ತಕ ಈಗ ನನ್ನ ಕೈಗೆ ಎಟಕುವುದಿಲ್ಲ. ವರ್ಷಕ್ಕೊಮ್ಮೆ ಕಚೇರಿಯಿಂದ ಇಬ್ಬರು ಬರುತ್ತಾರೆ. ಸೇವೆಯಲ್ಲಿ ತಿಳಿದ, ಕಡತದಲ್ಲಿ ಇರುವ ಅಥವಾ ಇದ್ದ ಯಾವುದನ್ನೂ ಸಾಯುವವರೆಗೆ ಯಾರಿಗೂ ಹೇಳುವುದಿಲ್ಲವೆಂಬ ಪ್ರಮಾಣಪತ್ರಕ್ಕೆ ಹೊಸದಾಗಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಒಳ್ಳೆಯವರು. ಹೊರಡುವಾಗ ಚಪ್ಪಲಿ ಸದ್ದಾಗದ ಹಾಗೆ ನಡೆಯುತ್ತಾರೆ.

ನಿಮ್ಮ ಪತ್ರದ ಎರಡನೇ ಪುಟ ನನಗೆ ತಲುಪಿಲ್ಲ. ಅಂಚೆಯಲ್ಲಿ ಕಳೆದಿರಬೇಕು.

ಇತಿ,
ನಿಮ್ಮ ವಿಶ್ವಾಸಿ

ಫೆಬ್ರವರಿ 2

ಸಾಹೇಬರಿಗೆ,

ಎರಡನೇ ಪುಟ ಅಂಚೆಯಲ್ಲಿ ಕಳೆದುಹೋಯಿತು ಎಂದು ಬರೆದಿದ್ದೀರಿ. ಎರಡನೇ ಪುಟ ಮೊದಲನೇ ಪುಟದ ಬೆನ್ನ ಮೇಲೆಯೇ ಇತ್ತು. ಅರ್ಧ ಹಾಳೆ ಮಾತ್ರ ಕದಿಯುವ ಅಂಚೆಯವನು ಇದ್ದರೆ ಅವನನ್ನು ನಿಮ್ಮ ಇಲಾಖೆಗೆ ಸೇರಿಸಿಕೊಳ್ಳಿ.

ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಕಷ್ಟ ಅರ್ಥವಾಗಿದೆ. ಈ ಪತ್ರವನ್ನು ನಡುವೆ ಒಡೆದು ಓದುವವರಿದ್ದರೆ ಅವರಿಗೂ ನನ್ನ ನಮಸ್ಕಾರ. ಅವರಿಗೂ ಹೊಟ್ಟೆಪಾಡು, ಓದಲಿ.

ನಾನು ಎಷ್ಟು ಓದಿದೆ ಎಂದು ನಿಮಗೆ ತಿಳಿದಿರುವುದು ಒಳ್ಳೆಯದು. ಮೂಟೆಗಟ್ಟಲೆ ಕಾಗದ ಬರುತ್ತಿತ್ತು. ಟೈಪು ಮಾಡಿದ್ದು ಕಡತಕ್ಕೆ ಹೋಗುತ್ತಿತ್ತು, ಕೈಯಲ್ಲಿ ಬರೆದದ್ದು ನನ್ನ ಒಲೆಗೆ ಬರುತ್ತಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದುವ ನನಗೆ ನೂರಕ್ಕೆ ಒಂದು ಓದಿದರೆ ಹೆಚ್ಚು. ಒಂದು ಚೂರನ್ನೂ ಮನೆಗೆ ಒಯ್ಯಲಿಲ್ಲ, ಒಂದು ಮಾತನ್ನೂ ಮಗಳಿಗೂ ಹೇಳಲಿಲ್ಲ. ಆದರೆ ಗಡಿಯಾರದವರ ಫೋಟೋ ಪೇಪರಿನಲ್ಲಿ ಬಂದ ತಿಂಗಳು ನಿಮ್ಮ ಕೈಬರಹದ ಒಂದು ಹಾಳೆ ಬಂತು. ನಿಮ್ಮ ಅಕ್ಷರ ಆಗ ಮುತ್ತಿನ ಹಾಗಿತ್ತು, ನನ್ನಂಥವಳಿಗೂ ಓದಲು ಬರುತ್ತಿತ್ತು. ‘ಗಡಿಯಾರ ರಿಪೇರಿಯ ಈತ ನಮ್ಮವನು. ನಮಗಾಗಿಯೇ ಆ ಮನೆಗೆ ಹೋಗುತ್ತಿದ್ದವನು. ಪೊಲೀಸರು ತಿಳಿಯದೆ ಹಿಡಿದಿದ್ದಾರೆ. ಬಿಡಿಸಬೇಕು’ ಎಂದಿತ್ತು. ಕೆಳಗೆ ಬೇರೆ ಕೈಯಲ್ಲಿ ‘ಈಗ ಬಿಡಿಸಿದರೆ ಅವರಿಗೆ ಅನುಮಾನ ಬರುತ್ತದೆ’ ಎಂದಿತ್ತು. ಆ ಹಾಳೆಯನ್ನು ನಾನೇ ಸುಟ್ಟೆ. ಅದರ ಹಿಂದೆ ಅಂಥವೇ ಇನ್ನೂ ನಾಲ್ಕು ಬಂದವು. ಐದು ಸಲ ಕೇಳಿದಿರಿ. ಐದನ್ನೂ ಸುಟ್ಟೆ. ನೀವು ಮೂಲೆಯ ಕೋಣೆಗೆ ಹೋಗುವಷ್ಟರಲ್ಲಿ ಬಿಡಿಸಿಕೊಳ್ಳಲು ಆತನೇ ಇರಲಿಲ್ಲ.

ಈಗ ಕೇಳಿ. ನೀವು ಪ್ರಮಾಣ ಮಾಡಿದವರು. ನಾನು ಮಾಡಿದವಳಲ್ಲ. ಓದು ಬಾರದವಳಿಗೆ ಗುಟ್ಟಿನ ಪ್ರಮಾಣ ಯಾಕೆ ಎಂದು ನನ್ನಿಂದ ಯಾರೂ ಸಹಿ ತೆಗೆದುಕೊಳ್ಳಲಿಲ್ಲ. ಬೆಂಕಿಪೊಟ್ಟಣ ಮನೆಗೆ ಒಯ್ಯುವುದಿಲ್ಲ ಎಂಬ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಅಷ್ಟೇ. ಬೆಂಕಿಪೊಟ್ಟಣ ನಾನು ಒಯ್ದಿಲ್ಲ. ಇಷ್ಟು ದಿನ ಬಾಯಿ ಮುಚ್ಚಿದ್ದು ನಿಮ್ಮ ಮೇಲಿನ ಮರ್ಯಾದೆಗೆ.

ನಾನು ಅವಳಿಗೆ ಹೇಳುತ್ತೇನೆ. ಬೇಡ ಎನ್ನುವುದಿದ್ದರೆ ಈಗಲೇ ಬರೆಯಿರಿ.

ಇತಿ,
ಒಲೆಯಮ್ಮ

ಫೆಬ್ರವರಿ 15

ಒಲೆಯಮ್ಮನವರಿಗೆ,

ನಿಮ್ಮ ಪತ್ರವನ್ನು ನಾನು ಓದಿಲ್ಲ. ಮೂರು ಸಲ ಓದಿಲ್ಲ.

ಯಾರಾದರೂ ಕೇಳಿದರೆ, ಗಡಿಯಾರ ರಿಪೇರಿ ಮಾಡುವ ಯಾವ ವ್ಯಕ್ತಿಯೂ ನನಗೆ ಗೊತ್ತಿಲ್ಲವೆಂದೇ ಹೇಳಬೇಕಾಗುತ್ತದೆ. ನಲವತ್ತು ವರ್ಷ ಅದನ್ನೇ ಹೇಳಿದ್ದೇನೆ. ಆ ಪ್ರಮಾಣವನ್ನು ನಂಬಿ ಜೀವ ಒತ್ತೆಯಿಟ್ಟವರು ಇನ್ನೂ ಹಲವರಿದ್ದಾರೆ. ಒಬ್ಬರಿಗಾಗಿ ಮುರಿದರೆ ಉಳಿದವರಿಗೆ ಅದರ ಮೇಲೆ ಏನು ನಂಬಿಕೆ ಉಳಿಯುತ್ತದೆ? ಇದನ್ನು ನೀವು ಒಪ್ಪದಿದ್ದರೂ ಅರ್ಥ ಮಾಡಿಕೊಳ್ಳುತ್ತೀರಿ.

‘ಬೇಡ’ ಎಂಬ ಪದವನ್ನು ಈ ಪತ್ರದಲ್ಲಿ ಎಲ್ಲಾದರೂ ಬರೆದಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡೆ. ಈ ಸಾಲಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಇತಿ,
ನಿಮ್ಮ ವಿಶ್ವಾಸಿ

ಮಾರ್ಚ್ 3

ಸಾಹೇಬರಿಗೆ,

ಹೇಳಿದೆ. ಕೆಲಸ ಕೆಟ್ಟಿತು.

ಮಧ್ಯಾಹ್ನ ಗಿರಾಕಿಗಳಿರದ ಹೊತ್ತು ನೋಡಿ ಎಲ್ಲ ಹೇಳಿದೆ. ಅವಳು ಮಷೀನಿನ ಪೆಡಲು ನಿಲ್ಲಿಸಲಿಲ್ಲ. ಕೊನೆಗೆ ದಾರ ಕಡಿದು, ನಿಮಗೆ ನನ್ನ ಮೇಲೆ ಇಷ್ಟು ಪ್ರೀತಿ ಇದೆ ಎಂದು ಗೊತ್ತಿರಲಿಲ್ಲ ಅಜ್ಜಿ, ಆದರೆ ಸಮಾಧಾನಕ್ಕೆ ಕತೆ ಕಟ್ಟಬೇಡಿ ಎಂದಳು. ಕತೆಯಲ್ಲ, ನಾನೇ ಓದಿದ್ದು ಎಂದೆ. “ಅಜ್ಜಿ, ಓದು ಬರದೇ ಇರೋರು ಅಂತಾನೇ ಅಲ್ವಾ ನಿಮ್ಮನ್ನ ಕೆಲಸಕ್ಕೆ ಇಟ್ಕೊಂಡಿದ್ದು? ಬೀದಿಗೆಲ್ಲ ನೀವೇ ಹೇಳ್ಕೊಂಡಿದ್ದೀರಿ.”

ನಿಜ, ನಾನೇ ಹೇಳಿಕೊಂಡಿದ್ದೆ. ಅಂಗಡಿಯ ಬೋರ್ಡು ಓದಿ ತೋರಿಸಿದೆ. ಅದು ಬಾಯಿಪಾಠ ಎಂದಳು. ಅಳತೆಯ ಪುಸ್ತಕ ಓದಲು ಹೋದರೆ ಅವಳ ಅಕ್ಷರ ನಿಮ್ಮ ಈಗಿನ ಅಕ್ಷರಕ್ಕಿಂತ ಕೆಟ್ಟದಾಗಿತ್ತು. ಮೂವತ್ತು ವರ್ಷ ಅನ್ನ ಹಾಕಿದ ಸುಳ್ಳು ಅವತ್ತು ನನ್ನ ಎದುರಿಗೇ ಕಾಲು ಚಾಚಿ ಕೂತುಕೊಂಡಿತು. ಬರೆದು ತೋರಿಸಬಹುದಿತ್ತು ಎಂದು ಮೆಟ್ಟಿಲು ಹತ್ತಿ ಮನೆಗೆ ಬಂದ ಮೇಲೆ ಹೊಳೆಯಿತು. ಬರೆದು ತೋರಿಸಿದರೂ ಏನು? ಅಕ್ಷರ ಬರುವವರೆಲ್ಲ ಸತ್ಯ ಹೇಳುತ್ತಾರೆಯೇ?

ಅವಳ ಮೇಲೆ ಸಿಟ್ಟಿಲ್ಲ. ಏಳು ವರ್ಷದ ಮಗುವಿದ್ದಾಗಿನಿಂದ ಅಪ್ಪ ಕೆಟ್ಟವನೆಂದು ಕೇಳಿ ಕೇಳಿ ಗಟ್ಟಿಯಾದವಳು. ಒಳ್ಳೆಯವನಿದ್ದ ಎಂದು ನಾನು ಒಂದು ಮಧ್ಯಾಹ್ನದಲ್ಲಿ ಹೇಳಿದರೆ ಹೇಗೆ ನಂಬಿಯಾಳು? ನಾನು ಎದ್ದು ಹೊರಡುವಾಗ ಒಂದೇ ಮಾತು ಕೇಳಿದಳು: “ನನ್ನ ನೆನಪಾದ್ರೂ ಇತ್ತಾ ಅವರಿಗೆ, ಅಂಥ ಕೆಲಸ ಮಾಡೋವಾಗ?”

ಆಗ ನನಗೆ ಕೆಂಪು ಗೀರು ನೆನಪಾಯಿತು. ಗಡಿಯಾರದವರು ಬರೆದುಕೊಟ್ಟ ವರದಿಗಳೂ ನನ್ನ ಒಲೆಗೇ ಬರುತ್ತಿದ್ದವು, ವಾರಕ್ಕೊಂದು. ಪ್ರತಿಯೊಂದರ ಕೊನೆಯ ಒಂದೆರಡು ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಗೀರು ಎಳೆದಿರುತ್ತಿತ್ತು. ಶಾಯಿಯ ಕೆಳಗೆ ನನಗೆ ಓದಲು ಸಿಕ್ಕಿದ್ದು ಒಂದೇ ಪದ. ‘ಮಗಳು’. ಪ್ರತಿ ವಾರವೂ ಅದೇ ಪದ. ಗೀರು ಎಳೆದವರು ಯಾರು ಎಂದು ನನಗೆ ಗೊತ್ತು. ಆ ಶಾಯಿಯ ಬಾಟಲಿ ಎರಡನೇ ಮಹಡಿಯಲ್ಲಿ ನಿಮ್ಮ ಮೇಜಿನ ಮೇಲೆ ಮಾತ್ರ ಇತ್ತು. ಪರರ ಮಗಳ ಸುದ್ದಿಗೆ ಇವರದೇನು ಜಿಪುಣತನ ಎಂದು ನಿಮ್ಮನ್ನು ಆಗ ಮನಸ್ಸಿನಲ್ಲಿ ಬೈದಿದ್ದೇನೆ. ಕ್ಷಮಿಸಿ. ಪೂರ್ತಿ ಕ್ಷಮಿಸಬೇಡಿ, ಇನ್ನೂ ಸ್ವಲ್ಪ ಬೈಗುಳ ಬಾಕಿ ಇದೆ.

ಈಗ ಮೂರನೇ ಕ್ಲಾಸಿನ ಒಂದು ಪ್ರಶ್ನೆ. ಟೈಪು ಮಾಡುವಾಕೆ ಕೆಂಪು ಗೀರು ಎಳೆದದ್ದನ್ನು ಟೈಪು ಮಾಡುತ್ತಿರಲಿಲ್ಲ. ಟೈಪಾಗದ್ದು ಕಡತಕ್ಕೆ ಹೋಗಲಿಲ್ಲ. ನೀವು ಪ್ರಮಾಣ ಮಾಡಿರುವುದು ಕಡತದಲ್ಲಿ ಇದ್ದದ್ದನ್ನು ಹೇಳುವುದಿಲ್ಲ ಎಂದು. ಕಡತಕ್ಕೇ ಹೋಗದ ಮಗಳ ಸುದ್ದಿ ದೇಶದ ಗುಟ್ಟು ಹೇಗಾಗುತ್ತದೆ ಸಾಹೇಬರೇ?

ಇತಿ,
ಒಲೆಯಮ್ಮ

ಮಾರ್ಚ್ 26

ಸಾಹೇಬರಿಗೆ,

ಇಪ್ಪತ್ಮೂರು ದಿನವಾಯಿತು, ಉತ್ತರವಿಲ್ಲ. ಆರೋಗ್ಯ ಕೆಟ್ಟಿದೆಯೇ ಎಂದು ಡ್ರೈವರನಿಗೆ ಫೋನು ಮಾಡಿಸಿದೆ. ನೀರು ಹಾಕುತ್ತಾರೆ, ಪಾತ್ರೆ ಹಿಡಿದು ಸುಮ್ಮನೆ ನಿಂತೂ ಇರುತ್ತಾರೆ ಎಂದ. ಯೋಚನೆ ಮಾಡುತ್ತಿದ್ದರೆ ಮಾಡಿ, ಅವಸರವಿಲ್ಲ ಎನ್ನಲಾರೆ. ಅವಳು ಅರ್ಜಿಗೆ ಫೋಟೋ ತೆಗೆಸಿ ಬಂದಿದ್ದಾಳೆ.

ಕೋಪವಾಗಿದ್ದರೆ ಕೋಪದಲ್ಲೇ ಒಂದು ಸಾಲು ಬರೆಯಿರಿ. ನಿಮ್ಮ ಸಿಟ್ಟನ್ನೂ ನಾನು ಉಪಕಾರವೆಂದೇ ಇಟ್ಟುಕೊಳ್ಳುತ್ತೇನೆ.

ಇತಿ,
ಒಲೆಯಮ್ಮ

ಏಪ್ರಿಲ್ 7

ಒಲೆಯಮ್ಮನವರಿಗೆ,

ಪ್ರಮಾಣಪತ್ರವನ್ನು ಭೂತಗನ್ನಡಿ ಹಿಡಿದು ಇನ್ನೊಮ್ಮೆ ಓದಿದೆ. ನಿಮಗೆ ಮೂರನೇ ಕ್ಲಾಸು ಕಲಿಸಿದ ಮೇಷ್ಟ್ರು ದೊಡ್ಡವರು.

ನಾನು ಕುಗ್ಗಿರುವುದರಿಂದ ಪ್ಯಾಂಟುಗಳೆಲ್ಲ ಉದ್ದವಾಗಿ ಕಾಲಿಗೆ ಸಿಕ್ಕುತ್ತಿವೆ. ನಿಮ್ಮ ಬೀದಿಯಲ್ಲಿ ಯಾರಾದರೂ ಒಳ್ಳೆಯ ಟೈಲರ್ ಇದ್ದಾರೆಯೇ?

ಇತಿ,
ನಿಮ್ಮ ವಿಶ್ವಾಸಿ

ಏಪ್ರಿಲ್ 20

ಸಾಹೇಬರಿಗೆ,

ನೀವೇ ಮಾಡಿದ್ದನ್ನು ನಿಮಗೇ ಬರೆಯುವುದು ಹುಚ್ಚು. ಆದರೂ ನನ್ನ ಕಣ್ಣಿಗೆ ಹೇಗೆ ಕಂಡಿತು ಎಂದು ನಿಮ್ಮ ಹತ್ತಿರ ಇರಲಿ. ಇದು ಕಡತಕ್ಕೆ ಹೋಗುವುದಿಲ್ಲ.

ಹೋದ ವಾರ ನೀವು ಆಟೋದಿಂದ ಇಳಿದು ಬಂದಾಗ ನಾನು ಸ್ಟೂಲಿನ ಮೇಲೆ ದಾರ ಕತ್ತರಿಸುತ್ತಿದ್ದೆ. ನನ್ನ ಗುರುತೇ ಇಲ್ಲದವರ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತಿರಿ. ಕಲಿತ ವಿದ್ಯೆ ಮುದಿತನದಲ್ಲೂ ಬಿಡುವುದಿಲ್ಲ ನೋಡಿ. ಅವಳು ಹಲ್ಲಿನ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ನಿಮ್ಮ ಕಾಲ ಬಳಿ ಮಂಡಿಯೂರಿ ಕೂತಳು. ಆ ಹೊತ್ತು ನೋಡಿಯೇ ನೀವು ಬಾಯಿ ಬಿಟ್ಟಿರಿ. ಬಾಯಲ್ಲಿ ಪಿನ್ನಿರುವವಳು ನಡುವೆ ಮಾತಾಡಲಾರಳು ಎಂದು ಲೆಕ್ಕ ಹಾಕಿಯೇ ಬಂದಿದ್ದಿರೋ ಏನೋ. ನಿರ್ದೇಶಕರಾದದ್ದು ಸುಮ್ಮನೆ ಅಲ್ಲ.

ನೀವು ಅವಳ ಕಡೆ ನೋಡಲಿಲ್ಲ. ಮೀಟಿಂಗಿನಲ್ಲಿ ವರದಿ ಓದುವವರ ಹಾಗೆ ಗೋಡೆಗೆ ಹೇಳಿದಿರಿ. ಒಬ್ಬರು ಬರೆದದ್ದು, ತುಂಬ ಹಿಂದೆ ಓದಿದ್ದು ಎಂದಿರಿ. ‘ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಆ ಸಂದಿಯಿಂದ ಸೀಟಿ ಹೊಡೆದು ಗಿರಾಕಿಗಳನ್ನು ಬೆಚ್ಚಿಬೀಳಿಸುತ್ತಾಳೆ.’ ಅವಳ ಕೈ ನಿಲ್ಲಲಿಲ್ಲ, ಒಂದು ಪಿನ್ನು ಚುಚ್ಚಿದಳು. ‘ಮಗಳು ಹೊತ್ತು ನೋಡಲು ಕಲಿತಳು. ಚಿಕ್ಕ ಮುಳ್ಳೇ ದೊಡ್ಡದಂತೆ, ಗಂಟೆ ಹೇಳುವುದು ಅದೇ ತಾನೇ ಎಂದು ವಾದ. ಸೋತೆ.’ ಎರಡನೇ ಪಿನ್ನು ಎಲ್ಲಿಗೂ ಹೋಗಲಿಲ್ಲ, ಬೆರಳಲ್ಲೇ ಉಳಿಯಿತು.

ಆಮೇಲೆ ನೀವು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದಿರಿ. ಮರೆತಿರೇ ಎಂದು ನನಗೆ ಭಯವಾಯಿತು. ಮರೆತಿರಲಿಲ್ಲ, ಕನ್ನಡಕ ಹಾಕಿಕೊಂಡು ಮತ್ತೆ ಗೋಡೆಗೇ ಹೇಳಿದಿರಿ.

‘ರಿಪೇರಿಗೆ ಬಂದ ಅಲಾರಂ ಗಡಿಯಾರದ ಗಂಟೆ ಮಾಯವಾಗಿತ್ತು. ಮಗಳು ಅದರ ನಡುವಿನ ತೂತಿಗೆ ದಾರ ಹಾಕಿ ಗೊಂಬೆಯ ತಲೆಗೆ ಟೋಪಿಯಾಗಿ ಹೊಲಿದು ಮಂಚದ ಕೆಳಗೆ ಬಚ್ಚಿಟ್ಟಿದ್ದಾಳೆ. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಿಲ್ಲ. ಹೊಲಿಗೆ ಅಚ್ಚುಕಟ್ಟಾಗಿದೆ, ಬೈಯಲು ಮನಸ್ಸಾಗಲಿಲ್ಲ. ಗಿರಾಕಿಗೆ ಬೇರೆ ಗಂಟೆ ಹಾಕಿಕೊಟ್ಟೆ.’

ಅವಳು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡ ಪಿನ್ನಿನ ದಿಂಬಿಗೆ ಚುಚ್ಚಿದಳು.

“ಇದನ್ನ ಯಾರು ಬರೆದದ್ದು ಸರ್?”

“ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ಆ ಸಾಲು ಹೊಡೆದು ಹಾಕಿದವನು ಮಾತ್ರ ನಾನು.”

“ಯಾಕೆ ಹೊಡೆದ್ರಿ?”

“ಹಾಗೇ ಬಿಟ್ಟಿದ್ರೆ, ಬರೆದವರು ಯಾರು ಅಂತ ಓದಿದವರಿಗೆಲ್ಲ ಗೊತ್ತಾಗಿಬಿಡ್ತಿತ್ತು. ಅವರ ಜೀವಕ್ಕೆ ಅಪಾಯ ಇತ್ತು. ಇಂಥದ್ದು ಬರೀಬೇಡಿ ಅಂತ ಪ್ರತಿ ವಾರ ಹೇಳ್ತಿದ್ದೆ. ಪ್ರತಿ ವಾರ ಬರೀತಿದ್ರು.”

ನಲವತ್ತು ವರ್ಷ ನಿಮ್ಮನ್ನು ಜಿಪುಣ ಎಂದುಕೊಂಡಿದ್ದೆನಲ್ಲ, ಬಾಕಿ ಉಳಿಸಿದ್ದ ಬೈಗುಳವನ್ನೆಲ್ಲ ಅಲ್ಲೇ ನುಂಗಿಕೊಂಡೆ. ನೀವು ಗೀರಿದ್ದು ಆತನನ್ನು ಉಳಿಸಲು. ಗೀರಿದ್ದನ್ನು ಒಂದೂ ಬಿಡದೆ ನೆನಪಿಟ್ಟುಕೊಂಡದ್ದು ಯಾತಕ್ಕೋ, ಅದನ್ನು ನಾನು ಕೇಳುವುದಿಲ್ಲ.

ನೀವು ಹೋದ ಮೇಲಿನದು ನಿಮಗೆ ಗೊತ್ತಿಲ್ಲ. ಅವಳು ಅಳಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆ ಗೊಂಬೆಯ ವಿಷಯ ಅಮ್ಮನಿಗೂ ಹೇಳಿರಲಿಲ್ಲವಂತೆ. ತಾನು ಗಂಟೆ ಕದ್ದದ್ದಕ್ಕೇ ಪೊಲೀಸರು ಬಂದು ಅಪ್ಪನನ್ನು ಹಿಡಿದುಕೊಂಡು ಹೋದರು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದಳಂತೆ. “ಗೊತ್ತಿದ್ದೂ ಬೈಯಲಿಲ್ಲ ಅಜ್ಜಿ” ಎಂದಳು. ಆಮೇಲೆ ಅದನ್ನೇ ಮತ್ತೆ ಮತ್ತೆ ಹೇಳಿದಳು, ಪ್ರತಿ ಸಲ ಬೇರೆ ದನಿಯಲ್ಲಿ. ನಾನು ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಮೊನ್ನೆ 18ಕ್ಕೆ ಇಬ್ಬರೂ ಹೋದೆವು. ಅದೇ ತಲೆ ಎತ್ತಿ ನೋಡುವ ಜಾತಿಯ ಗುಮಾಸ್ತ. ಹೆಸರು ತೆಗೆಸುವುದಿಲ್ಲ, ಅರ್ಜಿ ವಾಪಸ್ ಕೊಡಿ ಎಂದಳು. ಹಾಗಾದರೆ ತಂದೆಯ ಹೆಸರು ಹೀಗೇ ಇರಲೇ ಎಂದು ಅವನು ಕೇಳಿದ. “ಹೀಗೆ ಒಂದೇ ಅಕ್ಷರದಲ್ಲಿ ಬೇಡ, ಪೂರ್ತಿ ಬರೀರಿ” ಎಂದಳು. ಅವನು ಬರೆಯುವಾಗ ನಾನು ಬಗ್ಗಿ ಓದಿದೆ, ಎಲ್ಲರ ಎದುರಿಗೆ, ಜೋರಾಗಿ. ಒಂದಕ್ಷರ ತಪ್ಪಿರಲಿಲ್ಲ.

ಬೀದಿಯ ಬಾಯಿ ಹಾಗೇ ಇದೆ, ಪೇಪರಿನವರು ತಿದ್ದಿ ಬರೆಯುವುದಿಲ್ಲ, ಆ ಸರಕಾರಿ ಕೆಲಸವೂ ಸಿಗಲಿಕ್ಕಿಲ್ಲ. ಅದೆಲ್ಲ ಅವಳಿಗೂ ಗೊತ್ತು. ಆದರೂ ಇವತ್ತು ಕತ್ತರಿ ಹಿಡಿದು ಹಲ್ಲುಸಂದಿಯಿಂದ ಸೀಟಿ ಹೊಡೆಯಲು ನೋಡುತ್ತಿದ್ದಳು. ಹಲ್ಲು ಗಟ್ಟಿಯಿವೆ, ಬರಲಿಲ್ಲ.

ನಿಮಗೆ ನನ್ನ ಉಪಕಾರದ ಮಾತು ಎರಡನೇ ಸಲ. ಅವಳದೂ ಇದೆ, ಅವಳೇ ಹೇಳುತ್ತಾಳಂತೆ. ಅದಕ್ಕೊಂದು ಉಪಾಯ ಮಾಡಿದ್ದಾಳೆ. ನಿಮ್ಮ ಪ್ಯಾಂಟಿನ ಒಂದು ಕಾಲನ್ನು ಮಾತ್ರ ಮಡಿಚಿ ಹೊಲಿದಿದ್ದಾಳೆ. ಇನ್ನೊಂದರ ಅಳತೆ ಸರಿಯಾಗಿ ಸಿಗಲಿಲ್ಲವಂತೆ, ಸರ್ ಬಂದು ನಿಂತರೇ ಆಗುವುದಂತೆ. ಇಪ್ಪತ್ತು ವರ್ಷದಿಂದ ಹೊಲಿಯುತ್ತಾ ಕಣ್ಣಳತೆಯಲ್ಲೇ ಹೊಲಿಯಬಲ್ಲವಳು.

ಬನ್ನಿ. ಪ್ರತಿ ವಾರ ಬರೀತಿದ್ರು ಎಂದು ನೀವೇ ಬಾಯಿ ಬಿಟ್ಟಿದ್ದೀರಿ, ಒಂದೊಂದು ವಾರದ ಸಾಲಿಗೂ ಒಂದೊಂದು ಪ್ಯಾಂಟೆಂದು ಅವಳು ಎಣಿಸಿಕೊಂಡಿದ್ದಾಳೆ. ಅಷ್ಟು ಪ್ಯಾಂಟುಗಳು ಬೀರುವಿನಲ್ಲಿವೆಯೇ ನೋಡಿಕೊಳ್ಳಿ.

ಇತಿ,
ಓದು ಬರುವ ಒಲೆಯಮ್ಮ